ಇವತ್ತಿನ ಮಜಲು ಎಲ್ಲಿಗೆ?

ನಿವೃತ್ತರಾದ ಮೂರನೆಯ ತಿಂಗಳಿಗೆ, ಒಂದು ರಾತ್ರಿ ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ, ಪೋಸ್ಟ್ ಮಾಸ್ತರರು ತಾವು ಮುನ್ನೂರು ಕಿಲೋಮೀಟರ್ ನಡೆಯಲಿರುವ ಸುದ್ದಿಯನ್ನು ಮನೆಗೆ ತಿಳಿಸಿದರು. ಹೆಂಡತಿ ಗಾಬರಿಯಾಗಲಿಲ್ಲ. ಪಲ್ಯ ಬಡಿಸುವುದನ್ನೂ ನಿಲ್ಲಿಸಲಿಲ್ಲ.

"ಯಾವ ಕಡೆ?"

"ಅದನ್ನ ಇನ್ನಾ ಗೊತ್ತು ಮಾಡಬೇಕು."

"ಕೊತ್ತಂಬರಿ ತರಾಕ ಸ್ಕೂಟರ್ ಬೇಕು ನಿಮಗ. ಮೊದಲ ಸಂತಿಗೆ ನಡದು ಹೋಗಿ ಬರ್ರಿ, ಆಮ್ಯಾಲೆ ಮುನ್ನೂರರ ಮಾತು."

ಹುಚ್ಚು ಹತ್ತಿಸಿದವಳು ಮಗಳು. ಜರ್ಮನಿಯಲ್ಲಿರುವ ಅವಳು ಅಪ್ಪನ ನಿವೃತ್ತಿಗೆ ವಿಮಾನದ ಟಿಕೆಟ್ಟು ಉಡುಗೊರೆ ಕೊಡುವುದಾಗಿ ಹೇಳಿದ್ದಳು. ಅಲ್ಲಿ ಬಂದು ಮೂರನೇ ಮಹಡಿಯ ಕಿಟಕಿಯಲ್ಲಿ ಕೂತು ಟ್ರಾಮು ಎಣಿಸುವ ಬದಲು ಯಾವುದಾದರೂ ಹಳೆಯ ದಾರಿ ಹಿಡಿದು ನಡೆಯಿರಿ ಎಂದು ಐದು ಹೆಸರು ಬರೆದು ಕಳಿಸಿದಳು. ಅದರಲ್ಲಿ ಮೂರು ಜಪಾನಿನವು. ಅಲ್ಲಿಗೆ ಹೋಗುವ ಟಿಕೆಟ್ಟಿನ ದುಡ್ಡು ಯಾರದೆಂದು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ನಲವತ್ತು ವರ್ಷ ಲೆಕ್ಕದ ಪುಸ್ತಕದ ಜೊತೆ ಬಾಳಿದ ಮನುಷ್ಯ ಪಟ್ಟಿ ಸಿಕ್ಕರೆ ಸುಮ್ಮನೆ ಓದುವುದಿಲ್ಲ, ಗೆರೆ ಎಳೆಯುತ್ತಾನೆ. ದೂರ, ದಿನ, ಏರು, ಮಳೆ, ಖರ್ಚು ಎಂದು ಐದು ಕಾಲಂ ಬಿದ್ದವು. ಒಂದು ವಾರ ಕಳೆದ ಮೇಲೆ ಬಲತುದಿಯಲ್ಲಿ ಉಳಿದ ಜಾಗದಲ್ಲಿ ಇನ್ನೊಂದು ಕಾಲಂ ಹಾಕಿ, ಮೇಲೆ ಒಂದೇ ಮಾತು ಬರೆದರು: ರಾತ್ರಿ.

ಅದಕ್ಕೊಂದು ಹಿನ್ನೆಲೆಯುಂಟು. ಮಾಸ್ತರರ ಹುಟ್ಟೂರು ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಹಳ್ಳಿ. ಯುಗಾದಿ ಇನ್ನೂ ಎರಡು ಮೂರು ವಾರವಿದೆ ಎನ್ನುವಾಗಲೇ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು ಶ್ರೀಶೈಲಕ್ಕೆ ನಡೆದು ಹೊರಡುತ್ತಾರೆ. ಅವರ ಪಾಲಿಗೆ ಭ್ರಮರಾಂಬೆ ತವರಿನ ಮಗಳು, ಮಲ್ಲಯ್ಯ ಅಳಿಯ. ಮಗಳಿಗೆ ಸೀರೆ ಕುಪ್ಪಸ ಒಯ್ಯುವುದೂ ಯಾತ್ರೆಯ ಒಂದು ಭಾಗ. ಕಂಬಿ ಹೊತ್ತವರು, ಭಜನೆಯ ತಾಳದವರು, ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಬಿಸಿಲಿಗೆ ಅಂಜಿ ನಸುಕಿನಲ್ಲಿ, ಸಂಜೆಯ ಮೇಲೆ ನಡಿಗೆ. ಆತ್ಮಕೂರು ದಾಟಿದ ಮೇಲೆ ನಲ್ಲಮಲೆ ಕಾಡು, ಪೆದ್ದಚೆರುವು, ಭೀಮನಕೊಳದ ಮೆಟ್ಟಿಲು, ಕೈಲಾಸದ್ವಾರ. ಆದರೆ ಅದೆಲ್ಲ ಹುಡುಗ ಕಂಡದ್ದಲ್ಲ, ಕೇಳಿದ್ದು. ಅವನು ಎಂದೂ ನಡೆದವನಲ್ಲ. ನಡೆಯುವವರು ತಂಗುವ ಮನೆಯ ಹುಡುಗ ಅವನು.

ಅವ್ವ ರಾತ್ರಿ ಮೂರಕ್ಕೆ ಎದ್ದು ಹಂಚಿಟ್ಟರೆ ಬೆಳಗಿನ ಹೊತ್ತಿಗೆ ರೊಟ್ಟಿಯ ಗುಡ್ಡೆ ಹುಡುಗನ ಮೊಣಕಾಲಿನಷ್ಟಾಗುತ್ತಿತ್ತು. ಅವನ ಕೆಲಸ ಬಿಸಿನೀರಿನ ಬೋಗಾಣಿ ತಂದು ಪಡಸಾಲೆಯಲ್ಲಿಡುವುದು, ಉಪ್ಪು ಹಾಕುವುದು. ಹೀಗಾಗಿ ಯಾತ್ರಿಕರ ಮುಖ ಅವನಿಗೆ ನೆನಪಿಲ್ಲ, ಪಾದಗಳು ನೆನಪಿವೆ. ಹಿಮ್ಮಡಿ ಒಡೆದವು, ಉಗುರು ಕಪ್ಪಾದವು, ಬೊಬ್ಬೆ ಎದ್ದು ಗಾಜಿನ ಹಾಗೆ ಹೊಳೆಯುವಂಥವು. ಒಬ್ಬ ಮುದುಕ ಸೂಜಿಯಲ್ಲಿ ಬಿಳಿ ದಾರ ಪೋಣಿಸಿ, ಬೊಬ್ಬೆಯ ಈ ಕಡೆ ಚುಚ್ಚಿ ಆ ಕಡೆ ತೆಗೆದು, ದಾರವನ್ನು ಒಳಗೇ ಬಿಟ್ಟು ಎರಡೂ ತುದಿ ಕತ್ತರಿಸುತ್ತಿದ್ದ. ನೀರು ದಾರದ ಗುಂಟ ಇಳಿದು ಹೋಗುತ್ತಿತ್ತು. ಡಾಕ್ಟರುಗಳು ಇದನ್ನು ಒಪ್ಪುವುದಿಲ್ಲ, ನಂಜಾಗುತ್ತದೆ ಎನ್ನುತ್ತಾರೆ. ಮುಂದೊಂದು ದಿನ, ಮಗಳ ಪಟ್ಟಿಯಲ್ಲಿದ್ದ ಸ್ಪೇನಿನ ದಾರಿಯಲ್ಲೂ ನಡೆಯುವವರು ಇದೇ ಸೂಜಿ ಇದೇ ದಾರ ಹಿಡಿದು ಕೂರುತ್ತಾರೆ ಎಂದು ಓದಿದಾಗ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

ಬಂದವರನ್ನು ಶ್ರೀಶೈಲ ಇನ್ನೆಷ್ಟು ದೂರ ಎಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ: "ಇವತ್ತಿನ ಮಜಲು ಎಲ್ಲಿಗ್ರಿ?"

ಮಜಲು ಅರಬ್ಬಿಯ ಕಡೆಯಿಂದ ಬಂದು ಕನ್ನಡದಲ್ಲಿ ನೆಲೆಯಾದ ಮಾತು. ಒಂದು ದಿನದ ನಡಿಗೆಯೂ ಹೌದು, ಅದು ಮುಗಿಯುವ ತಾಣವೂ ಹೌದು. ಹಳಬರು ದಾರಿಯನ್ನು ಅಳೆದದ್ದು ಹೀಗೆ. ಹರದಾರಿ, ಗಾವುದಗಳೂ ಇದ್ದವು, ಆದರೆ ಕಾಲಿಗೆ ಅರ್ಥವಾಗುತ್ತಿದ್ದದ್ದು ಮಜಲಿನ ಲೆಕ್ಕ. ಫೋನಿನ ನಕ್ಷೆಯಲ್ಲಿ ದಾರಿ ಎಂದರೆ ನೀಲಿ ಗೆರೆ. ಹಳೆಯ ದಾರಿ ಹಾಗಲ್ಲ. ಸಾಲುಮರ, ಅರವಟಿಗೆ, ಬಾವಿ, ಛತ್ರ, ಕತ್ತಲಾದ ಮೇಲೆ ಕದ ತೆಗೆಯುವ ಒಂದು ಮನೆ, ಇವನ್ನು ಒಂದಕ್ಕೊಂದು ಪೋಣಿಸಿದರೆ ಆಗುವುದು ದಾರಿ. ಮಣಿಗಳು ಉದುರಿದ ಮೇಲೆ ಉಳಿಯುವುದು ಬರಿ ದಾರ. ಐತಿಹಾಸಿಕ ದಾರಿ ಎಂದು ಫಲಕ ನೆಟ್ಟ ಎಷ್ಟೋ ಕಡೆ ಈಗಿರುವುದು ಅಷ್ಟೇ. ಮಾಸ್ತರರ ಆರನೆಯ ಕಾಲಂ ಇದಕ್ಕಾಗಿ.

ಮೊದಲು ಪರೀಕ್ಷೆಗೆ ಕೂತದ್ದು ಇಂಗ್ಲೆಂಡಿನ ಹೇಡ್ರಿಯನ್ ಗೋಡೆಯ ದಾರಿ. ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸತೊಡಗಿದ ಗೋಡೆ. ಅದರ ಗುಂಟ ಸಮುದ್ರದಿಂದ ಸಮುದ್ರಕ್ಕೆ 135 ಕಿಲೋಮೀಟರ್ ಕಾಲುದಾರಿ ಮಾಡಿ 2003ರಲ್ಲಿ ತೆರೆದರು. ಮಳೆಗೆ ನೆನೆದ ಹಸಿ ನೆಲದ ಮೇಲೆ ನಡೆದರೆ ಅಡಿಯಲ್ಲಿ ಹುಗಿದಿರುವ ಇತಿಹಾಸ ಹಾಳಾಗುತ್ತದೆಂದು ಚಳಿಗಾಲದಲ್ಲಿ ಬರಬೇಡಿ ಎನ್ನುತ್ತಾರೆ. ಸಾಲಾಗಿ ಒಬ್ಬರ ಹಿಂದೆ ಒಬ್ಬರು ನಡೆದು ಹುಲ್ಲು ಸವೆಸಬೇಡಿ, ಅಕ್ಕಪಕ್ಕ ನಡೆಯಿರಿ ಎಂದೂ ಹೇಳುತ್ತಾರೆ. ಈ ಸೂಕ್ಷ್ಮಕ್ಕೆ ಮಾಸ್ತರರು ತಲೆದೂಗಿದರು. ಅದಕ್ಕಿಂತ ಹೆಚ್ಚು ಹಿಡಿಸಿದ್ದು ಒಂದು ಕಾಗದ. ಕಾಗದವಲ್ಲ, ತೆಳುವಾದ ಮರದ ಚಕ್ಕೆ. ಗೋಡೆಯಿಂದ ತುಸು ದಕ್ಷಿಣಕ್ಕಿರುವ ವಿಂಡೊಲಾಂಡಾ ಕೋಟೆಯ ಕೆಸರಿನಲ್ಲಿ 1973ರಿಂದ ಇಂಥ ನೂರಾರು ಚಕ್ಕೆಗಳು ಸಿಕ್ಕಿವೆ. ಅದರಲ್ಲೊಂದರ ಮೇಲೆ ಯಾರೋ ಯಾರಿಗೋ ಬರೆದಿದ್ದಾರೆ: ಕಾಲುಚೀಲ ಕಳಿಸಿದ್ದೇನೆ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಎಂಬ ಅರ್ಥದಲ್ಲಿ. ಕಳಿಸಿದವರ ಹೆಸರಿಲ್ಲ, ಪಡೆದವರ ಹೆಸರೂ ಇಲ್ಲ. ಸಾಮಾನಿನ ಪಟ್ಟಿ ಮಾತ್ರ ಹತ್ತೊಂಬತ್ತು ನೂರು ವರ್ಷ ದಾಟಿ ಬಂದಿದೆ. ಪಾರ್ಸೆಲ್ ಕೌಂಟರಿನಲ್ಲಿ ಆಯುಷ್ಯ ಕಳೆದವರಿಗೆ ಇದು ಮನೆಯವರ ಕಾಗದ ಬಂದಂತೆ.

ಆದರೂ ಹೇಡ್ರಿಯನ್ ಫೇಲಾದ. ಕಾರಣವನ್ನು ಮಾಸ್ತರರು ಮಗಳಿಗೆ ವಾಟ್ಸಾಪಿನಲ್ಲಿ ಬರೆದರು: "ಅದು ದಾರಿ ಅಲ್ಲವ್ವಾ, ದಾರಿ ಕಟ್ಟಾಕ ಕಟ್ಟಿದ್ದು."

ಜಪಾನಿನ ನಾಕಾಸೆಂಡೊ ಇದಕ್ಕೆ ತದ್ವಿರುದ್ಧ. ಎದೊ, ಅಂದರೆ ಇವತ್ತಿನ ಟೋಕಿಯೊದಿಂದ ಕ್ಯೋಟೊ ಕಡೆಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ಸುಮಾರು 530 ಕಿಲೋಮೀಟರಿನ ರಾಜಮಾರ್ಗ, 69 ತಂಗುದಾಣ. ಒಂದೊಂದು ತಾಣದಲ್ಲೂ ಕುದುರೆ, ಹಮಾಲರು, ದೊರೆಗಳಿಗೊಂದು ವಸತಿ, ಬಡವರಿಗೊಂದು ವಸತಿ. ಕಾಗದ ಹೊತ್ತ ಓಟಗಾರರು ಇದರ ಮೇಲೆಯೇ ಓಡುತ್ತಿದ್ದರು. 1672ರಲ್ಲಿ ಚಿಕ್ಕದೇವರಾಜ ಒಡೆಯರು ಶುರುಮಾಡಿದ ಮೈಸೂರು ಅಂಚೆಯೂ ಇದೇ ಬಗೆಯದು, 1889ರವರೆಗೆ ಬೇರೆಯಾಗಿಯೇ ನಡೆಯಿತು. ನಮ್ಮ ಅಂಚೆಯವನ ಈಟಿಗೆ ಗೆಜ್ಜೆ ಇರುತ್ತಿತ್ತು, ಕಾಡುಪ್ರಾಣಿ ಸದ್ದು ಕೇಳಿ ಸರಿಯಲಿ ಎಂದು. ನಾಕಾಸೆಂಡೊದ ಮಾಗೊಮೆ, ತ್ಸುಮಾಗೊ ಊರುಗಳ ನಡುವೆ ಇವತ್ತಿಗೂ ದಾರಿಬದಿಗೆ ಗಂಟೆ ತೂಗುಹಾಕಿದ್ದಾರೆ. ಹೋಗುವವರು ಬಾರಿಸಬೇಕು, ಕರಡಿ ದೂರವಿರಲಿ ಎಂದು. ಹೊಟ್ಟೆಕಿಚ್ಚು ಪಡುವಷ್ಟು ಚೆನ್ನಾಗಿ ಆ ಎರಡು ಊರು ಉಳಿಸಿಕೊಂಡಿದ್ದಾರೆ. ಆದರೆ ಅವುಗಳ ನಡುವಿನ ದೂರ ಎಂಟು ಕಿಲೋಮೀಟರ್. ಉಳಿದದ್ದರಲ್ಲಿ ಬಹುಪಾಲು ಡಾಂಬರಿನ ಕೆಳಗೆ ಹೋಗಿದೆ. ಮುನ್ನೂರಕ್ಕೆ ಮನಸ್ಸು ಮಾಡಿದವನಿಗೆ ಎಂಟು ಯಾತಕ್ಕಾದೀತು?

ಕುಮಾನೊ ಕೋಡೊ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಿಯಿ ಪರ್ಯಾಯದ್ವೀಪದ ಕಾಡಿನ ದಾರಿ, 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಗೊ-ಶಿರಾಕಾವಾ ಎಂಬ ನಿವೃತ್ತ ಚಕ್ರವರ್ತಿ 30ಕ್ಕೂ ಹೆಚ್ಚು ಸಲ ಅದರ ಮೇಲೆ ಹೋಗಿಬಂದ. ನಿವೃತ್ತಿಯ ವಿಷಯದಲ್ಲಿ ಮಾಸ್ತರರಿಗೆ ಅವನೊಬ್ಬ ಆದರ್ಶ. ಆದರೆ ಬೇರು, ಮೆಟ್ಟಿಲು, ಮತ್ತೆ ಬೇರು. ವಸತಿಗಳು ಕಡಿಮೆ, ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಬೇಕು. ಬಲಗಾಲಿನ ಮಂಡಿ ನಾಳೆ ಎಷ್ಟು ನಡೆದೀತು ಎಂದು ಇಂದು ಹೇಳಲಾರದವರಿಗೆ ಅದಾಗದು.

ಶಿಕೋಕು ದ್ವೀಪದ 88 ದೇವಾಲಯಗಳ ಸುತ್ತು ಮಾತ್ರ ಅವರನ್ನು ಹದಿನೈದು ದಿನ ಕಾಡಿತು. ಸುಮಾರು 1,200 ಕಿಲೋಮೀಟರ್, ನಡೆದರೆ ಒಂದೂವರೆ ತಿಂಗಳ ಮಾತು. ಬಿಳಿ ಬಟ್ಟೆ, ಹುಲ್ಲಿನ ಟೋಪಿ, ಕೈಯಲ್ಲೊಂದು ಕೋಲು. ಆ ಕೋಲೇ ಕೋಬೊ ದಾಯಿಶಿ. ಒಂಬತ್ತನೆಯ ಶತಮಾನದ ಆ ಬೌದ್ಧ ಗುರು ಜೊತೆಗೇ ನಡೆಯುತ್ತಿದ್ದಾನೆ ಎಂಬುದು ನಂಬಿಕೆ, ಅದಕ್ಕೇ ಒಬ್ಬರೇ ಹೊರಟರೂ ಇಬ್ಬರ ಲೆಕ್ಕ. ರಾತ್ರಿ ತಂಗಿದಲ್ಲಿ ಮೊದಲು ಕೋಲಿನ ತುದಿ ತೊಳೆಯಬೇಕು, ಆಮೇಲೆ ತನ್ನ ಕಾಲು. ಸೇತುವೆಯ ಮೇಲೆ ಕೋಲು ಊರುವಂತಿಲ್ಲ. ಗುರು ಒಮ್ಮೆ ಎಲ್ಲೂ ಜಾಗ ಸಿಗದೆ ಸೇತುವೆಯ ಕೆಳಗೆ ರಾತ್ರಿ ಕಳೆದಿದ್ದನಂತೆ, ಇವತ್ತೂ ಅಲ್ಲಿ ಮಲಗಿದ್ದರೆ ಎಚ್ಚರವಾದೀತು. ಊರಿನವರು ನಡೆಯುವವರನ್ನು ತಡೆದು ಕಿತ್ತಳೆ, ಮಿಠಾಯಿ, ಕೆಲವೊಮ್ಮೆ ದುಡ್ಡನ್ನೇ ಕೈಗಿಡುತ್ತಾರೆ. ಬೇಡ ಎನ್ನಬಾರದು. ಪಡಸಾಲೆಯಲ್ಲಿ ಬೋಗಾಣಿ ಇಟ್ಟ ಹುಡುಗನಿಗೆ ಇದೆಲ್ಲ ತೀರ ಪರಿಚಿತ. ಆರನೆಯ ಕಾಲಮ್ಮಿನಲ್ಲಿ ಶಿಕೋಕುವಿಗೆ ಪೂರ್ತಿ ಅಂಕ ಬಿತ್ತು. ಸೋತದ್ದು ಮೊದಲನೆಯ ಕಾಲಮ್ಮಿನಲ್ಲಿ.

ಉಳಿದದ್ದು ಸಾಂತಿಯಾಗೊ.

ಸ್ಪೇನಿನ ವಾಯವ್ಯ ಮೂಲೆಯ ಸಾಂತಿಯಾಗೊ ದೆ ಕೊಂಪೊಸ್ತೆಲಾದಲ್ಲಿ ಏಸುವಿನ ಶಿಷ್ಯ ಯಾಕೋಬನ ಸಮಾಧಿಯಿದೆ ಎಂಬ ನಂಬಿಕೆಯ ಮೇಲೆ ಸಾವಿರ ವರ್ಷಕ್ಕೂ ಹಿಂದಿನಿಂದ ಯುರೋಪಿನವರು ನಡೆದಿದ್ದಾರೆ. ಕಲ್ಯಾಣದಲ್ಲಿ ಶರಣರಿದ್ದ ಅದೇ 12ನೇ ಶತಮಾನದಲ್ಲಿ ಈ ದಾರಿಗೊಂದು ಗೈಡ್‌ಬುಕ್ ಹುಟ್ಟಿತು, ಕೋಡೆಕ್ಸ್ ಕಲಿಕ್ಸ್‌ತಿನುಸ್ ಎಂಬ ಲ್ಯಾಟಿನ್ ಹೊತ್ತಗೆಯ ಐದನೆಯ ಭಾಗವಾಗಿ. ಬರೆದವನು ಪಿರನೀಸ್ ಪರ್ವತದಿಂದ ಮುಂದಿನ ಹಾದಿಯನ್ನು 13 ಮಜಲುಗಳಾಗಿ ಒಡೆಯುತ್ತಾನೆ. ಯಾವ ಹೊಳೆಯ ನೀರು ಕುಡಿಯಬಹುದು, ಯಾವುದರದ್ದು ಕೂಡದು ಎಂದು ಪಟ್ಟಿ ಕೊಡುತ್ತಾನೆ. ಒಂದು ಉಪ್ಪುಹೊಳೆಯ ದಂಡೆಯಲ್ಲಿ ಇಬ್ಬರು ಚಾಕು ಮಸೆಯುತ್ತ ಕೂತಿದ್ದರಂತೆ. ನೀರು ಹೇಗಿದೆ ಎಂದರೆ ಚೆನ್ನಾಗಿದೆ ಎಂದರಂತೆ. ಕುದುರೆಗಳು ಕುಡಿದು ಸತ್ತ ಕೂಡಲೇ ಚರ್ಮ ಸುಲಿಯತೊಡಗಿದರಂತೆ. ಎಂಟುನೂರು ವರ್ಷದ ಮೇಲೂ ಸಿಟ್ಟು ಆರದ ಬರವಣಿಗೆ ಅದು. 2011ರಲ್ಲಿ ಈ ಪುಸ್ತಕ ಕ್ಯಾಥೆಡ್ರಲಿನಿಂದ ಕಳುವಾಗಿ, ಮರುವರ್ಷ ಅಲ್ಲೇ ಹಿಂದೆ ಕೆಲಸ ಮಾಡಿದ್ದ ಎಲೆಕ್ಟ್ರಿಷಿಯನ್ ಒಬ್ಬನ ಗ್ಯಾರೇಜಿನಲ್ಲಿ ಸಿಕ್ಕಿತು.

ಈ ದಾರಿಯೂ ಒಮ್ಮೆ ಸತ್ತಂತೆಯೇ ಇತ್ತು. 1985ರಲ್ಲಿ ಯಾತ್ರಿಕರ ಕಚೇರಿಯಲ್ಲಿ ಹೆಸರು ಬರೆಸಿದವರು 690 ಮಂದಿ. 2024ರಲ್ಲಿ ಹತ್ತಿರ ಹತ್ತಿರ 5 ಲಕ್ಷ. ಇದಕ್ಕೆ ಕಾರಣ ಹಲವು, ಅದರಲ್ಲೊಬ್ಬ ಹಳ್ಳಿಯ ಪಾದ್ರಿ. ಒ ಸೆಬ್ರೇಯ್ರೊ ಎಂಬ ಬೆಟ್ಟದೂರಿನ ಎಲಿಯಾಸ್ ವಾಲಿನ್ಯಾ 1984ರಲ್ಲಿ ರಸ್ತೆ ಕೆಲಸದಲ್ಲಿ ಮಿಕ್ಕ ಹಳದಿ ಬಣ್ಣವನ್ನು ಕಾರಿನಲ್ಲಿ ತುಂಬಿಕೊಂಡು ಹೊರಟು ಮರ, ಕಲ್ಲು, ಗೋಡೆ ಕಂಡಲ್ಲೆಲ್ಲ ಬಾಣದ ಗುರುತು ಹಾಕುತ್ತ ಹೋದ. ಇವತ್ತು ಜಗತ್ತಿನ ಯಾವ ಮೂಲೆಯವನೂ ನಕ್ಷೆ ಬಿಚ್ಚದೆ ಆ ಹಳದಿ ಬಾಣ ನೋಡಿ ನಡೆಯುತ್ತಾನೆ. ಜೊತೆಗೆ ಹತ್ತಾರು ಕಡೆ ಅಲ್ಬೆರ್ಗೆಗಳು, ಅಂದರೆ ನಮ್ಮ ಛತ್ರಗಳು. ಊರಾಡಳಿತದವು, ಇಗರ್ಜಿಯವು, ಖಾಸಗಿಯವು. ಕೆಲವಕ್ಕೆ ಬಾಡಿಗೆಯೇ ಇಲ್ಲ, ಡಬ್ಬಿಯಲ್ಲಿ ತೋಚಿದಷ್ಟು ಹಾಕಬೇಕು. ಒಂದರ ಮೇಲೊಂದು ಮಂಚ, ರಾತ್ರಿ ಹತ್ತಕ್ಕೆ ದೀಪ ಬಂದ್, ಬೆಳಗ್ಗೆ ಎಂಟರೊಳಗೆ ಜಾಗ ಖಾಲಿ. ಮಂಡಿ ನೋಯಿತೆಂದರೆ ಐದೇ ಕಿಲೋಮೀಟರಿಗೆ ನಿಲ್ಲಬಹುದು. ಆರನೆಯ ಕಾಲಂ ತುಂಬಿತು.

"ಹತ್ತಕ್ಕ ದೀಪ ಬಂದ್ ಮಾಡತಾರ ಸರಿ. ನಿಮ್ಮ ಗೊರಕಿ ಯಾರು ಬಂದ್ ಮಾಡಬೇಕು?" ಎಂದರು ಹೆಂಡತಿ.

ಪೂರ್ತಿ ದಾರಿ 780 ಕಿಲೋಮೀಟರ್. ಫ್ರಾನ್ಸಿನ ಸೇಂ-ಜಾಂ-ಪಿಯೆ-ದ-ಪೋರ್ ಊರಿನಿಂದ ಹೊರಟರೆ ಮೊದಲ ದಿನವೇ ಪಿರನೀಸ್ ಏರಬೇಕು. ಹೊಸಬರ ಕಾಲು ಕೆಡುವುದು ಅಲ್ಲೇ. ಕಾಲ್ನಡಿಗೆಯವರಿಗೆ ಪ್ರಮಾಣಪತ್ರ ಸಿಗಲು ಕೊನೆಯ 100 ಕಿಲೋಮೀಟರ್ ನಡೆದರೆ ಸಾಕು, ಹೀಗಾಗಿ ಅರ್ಧಕ್ಕರ್ಧ ಜನ ಸಾರಿಯಾ ಊರಿನ ಸುತ್ತಮುತ್ತಲಿಂದ ಶುರುಮಾಡಿ ಐದಾರು ದಿನಕ್ಕೆ ಮುಗಿಸುತ್ತಾರೆ. ಅದು ಜಾತ್ರೆಯ ತೇರಿನ ಹತ್ತಿರ ಹೋಗಿ ಹಗ್ಗ ಮುಟ್ಟಿ ಬಂದ ಹಾಗೆ. ಮಾಸ್ತರರು ನಡುವೆ ಬೆರಳಿಟ್ಟರು: ಲೆಯೊನ್. ಅಲ್ಲಿಂದ ಸುಮಾರು 310 ಕಿಲೋಮೀಟರ್. ಬಲ್ಲವರು ಎರಡು ವಾರದಲ್ಲಿ ಮುಗಿಸುತ್ತಾರೆ, ಇವರು ಇಪ್ಪತ್ತು ದಿನ ಇಟ್ಟುಕೊಂಡರು. ತಿಂಗಳು ಸೆಪ್ಟೆಂಬರ್, ಬಿಸಿಲೂ ಗದ್ದಲವೂ ಇಳಿದಿರುತ್ತದೆ. 2027ರಲ್ಲಿ ಜುಲೈ 25, ಯಾಕೋಬನ ಹಬ್ಬ, ಭಾನುವಾರ ಬೀಳುವುದರಿಂದ ಅದು ಪವಿತ್ರ ವರ್ಷ. ಆ ನೂಕುನುಗ್ಗಲಿಗೆ ಮೊದಲೇ ಹೋಗಿಬರುವುದೆಂದಾಯಿತು. ಲೈನ್‌ಮನ್ ಆಗಿದ್ದ ಗೆಳೆಯರೊಬ್ಬರಿಗೆ ಈ ನಿರ್ಧಾರ ಹಿಡಿಸಲಿಲ್ಲ. ಎಸ್ತೆಲ್ಯಾ ಊರಿನ ಹತ್ತಿರ ಗೋಡೆಯ ನಲ್ಲಿ ತಿರುವಿದರೆ ಪುಕ್ಕಟೆ ದ್ರಾಕ್ಷಾರಸ ಬರುತ್ತದೆಂದು ಅವರು ಎಲ್ಲೋ ಓದಿದ್ದರು. ಅದು ನಿಜ, ಆದರೆ ಅದು ಲೆಯೊನಿಗಿಂತ ಬಹಳ ಹಿಂದೆಯೇ ಬರುತ್ತದೆ. "ನಲ್ಲಿ ಬಿಟ್ಟು ನಡ್ಯಾವ್ರಿಗೆ ಏನಂಬೂದು," ಎಂದು ಅವರು ಎದ್ದು ಹೋದರು.

ಎಲ್ಲಕ್ಕಿಂತ ಮಾಸ್ತರರನ್ನು ಗೆದ್ದದ್ದು ಠಸ್ಸೆ. ನಡೆಯುವವರಿಗೊಂದು ಮಡಚುವ ಪುಸ್ತಿಕೆ ಕೊಡುತ್ತಾರೆ. ಛತ್ರ, ಇಗರ್ಜಿ, ಹೋಟೆಲು, ಹೋದಲ್ಲೆಲ್ಲ ಅದರ ಮೇಲೆ ಮುದ್ರೆ ಒತ್ತಿ ತಾರೀಖು ಬರೆಯುತ್ತಾರೆ. ಕೊನೆಯ ನೂರು ಕಿಲೋಮೀಟರಿನಲ್ಲಿ ದಿನಕ್ಕೆ ಎರಡಾದರೂ ಇರಲೇಬೇಕು. ಎಲ್ಲಿಂದ ಹೊರಟಿತು, ಯಾವ ಯಾವ ಕಚೇರಿ ದಾಟಿತು, ಯಾವತ್ತು ಮುಟ್ಟಿತು ಎಂಬ ಹಳೆಯ ಲೆಕ್ಕವೇ ಇದು. ನಲವತ್ತು ವರ್ಷ ಬೇರೆಯವರ ಕಾಗದಕ್ಕೆ ಠಸ್ಸೆ ಹೊಡೆದವರಿಗೆ ತಾವೇ ಒಂದು ರಿಜಿಸ್ಟರ್ಡ್ ಪೋಸ್ಟ್ ಆಗಿ ಹೋಗುವ ಅವಕಾಶ, ಅದೂ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಕರಗಿಹೋದ 2025ರ ನಂತರ. ಮುಟ್ಟಿದ ಮೇಲೆ ಕೊಡುವ ಪತ್ರ ಲ್ಯಾಟಿನ್ನಿನಲ್ಲಿರುತ್ತದೆ, ಹೆಸರನ್ನೂ ಆದಷ್ಟು ಲ್ಯಾಟಿನ್ನಿಗೆ ತಿರುಗಿಸಿ ಬರೆಯುತ್ತಾರೆ. ತಮ್ಮ ಹೆಸರು ಏನಾದೀತೆಂದು ಮಾಸ್ತರರು ಮಗಳನ್ನು ಕೇಳಿದರು. ಅವಳು ನಗುವ ಗೊಂಬೆ ಕಳಿಸಿದಳು.

ವೀಸಾ ಅರ್ಜಿಯಲ್ಲೂ ಆ ಮಜಲಿನ ಪ್ರಶ್ನೆಯೇ ಎದುರಾಯಿತು, ಬೇರೆ ದನಿಯಲ್ಲಿ: ಅಲ್ಲಿರುವಷ್ಟು ರಾತ್ರಿ ಎಲ್ಲಿ ಉಳಿಯುವಿರಿ, ಪುರಾವೆ ಲಗತ್ತಿಸಿ. ಮಂಡಿಗೇ ಗೊತ್ತಿಲ್ಲದ್ದನ್ನು ಕಾಗದದ ಮೇಲೆ ಹೇಗೆ ತೋರಿಸುವುದು? ಕೊನೆಗೆ ಮಗಳು ರದ್ದು ಮಾಡಬಹುದಾದ ಇಪ್ಪತ್ತು ಬುಕಿಂಗ್ ಮಾಡಿ ಕಳಿಸಿದಳು. ಪ್ರಾಮಾಣಿಕ ಮನುಷ್ಯನಿಗೆ ಅದೊಂದು ಕಸಿವಿಸಿ ಉಳಿಯಿತು.

ಅಭ್ಯಾಸದ ಕತೆ ಸಣ್ಣದು. ಬೆಳಗಿನ ಐದಕ್ಕೆ, ಬೆನ್ನಿಗೆ ಐದು ಕಿಲೋ ಜೋಳದ ಚೀಲ. ಅಂಗಡಿಯವನು ಕಾಲಿಗೆ ಸರಿಯಾಗಿ ಕೂತಿದೆ ಎಂದು ಕೊಟ್ಟ ಹೊಸ ಬೂಟು. ಸರಿಯಾಗಿ ಕೂತದ್ದೇ ತಪ್ಪು, ದೂರ ನಡೆದಾಗ ಪಾದ ಊದುತ್ತದೆ, ಬೂಟು ಒಂದು ಬೆರಳು ದೊಡ್ಡದಿರಬೇಕು. ಒಂಬತ್ತನೆಯ ಕಿಲೋಮೀಟರಿಗೆ ಎಡಗಾಲಿನ ಹೆಬ್ಬೆರಳಿನ ಮಗ್ಗುಲು ಉರಿಯತೊಡಗಿತು, ಹದಿಮೂರಕ್ಕೆ ಆಟೋ. ಮನೆಯಲ್ಲಿ ಕಾಲುಚೀಲ ಬಿಚ್ಚಿದರೆ ಅದೇ ಗಾಜಿನ ಹೊಳಪು. ಐವತ್ತು ವರ್ಷದ ಹಿಂದೆ ಬೇರೆಯವರ ಕಾಲಿನಲ್ಲಿ ನೋಡಿದ್ದು ಈಗ ಸ್ವಂತದ್ದಾಯಿತು.

ಬೋಗಾಣಿ ತಂದಿಟ್ಟವರು ಎಂಬತ್ತನಾಲ್ಕರ ಅವ್ವ. ಉಪ್ಪು ಹಾಕಿ, ಎದುರಿಗೆ ಸ್ಟೂಲು ಎಳೆದು ಕೂತರು.

"ಅಲ್ಲಿ ರಾತ್ರಿ ಯಾರ ಮನ್ಯಾಗ ಇರತಿ?"

ಮಾಸ್ತರರು ಛತ್ರದ ವಿಷಯ ಹೇಳಿದರು. ಅಲ್ಲಿ ಬಾಗಿಲು ತೆಗೆಯುವವರಲ್ಲಿ ಬಹಳ ಜನ ಸಂಬಳದವರಲ್ಲ, ಒಮ್ಮೆ ತಾವೇ ಆ ದಾರಿ ನಡೆದವರು. ರಜೆ ಹಾಕಿ ಬಂದು ಹದಿನೈದು ದಿನ ನೆಲ ಒರೆಸಿ, ಅಡುಗೆ ಮಾಡಿ, ಹೋಗುತ್ತಾರೆ.

"ನಡದವರು ಬಂದು ಮಾಡತಾರ?" ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಎಷ್ಟು ಯುಗಾದಿಗೆ ರೊಟ್ಟಿ ಬಡಿದರೋ, ಶ್ರೀಶೈಲಕ್ಕೆ ಹೋದದ್ದು ಒಮ್ಮೆ ಮಾತ್ರ, ಬಸ್ಸಿನಲ್ಲಿ. "ಹಂಗಾರ ಬರಿಗೈಲೆ ಹೋಗಬ್ಯಾಡ."

ಹೊರಡುವ ವಾರ ಚೀಲ ತೂಗುವ ಶಾಸ್ತ್ರ ನಡೆಯಿತು. ಮೈತೂಕದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹೊರಬಾರದೆಂಬುದು ನಡೆಯುವವರ ವಾಡಿಕೆಯ ಮಾತು. ಮಾಸ್ತರರು 62 ಕಿಲೋ, ಅಂದರೆ ಚೀಲಕ್ಕೆ 6 ಕಿಲೋ 200 ಗ್ರಾಂ. ಗೆಳೆಯರ ಕಿರಾಣಿ ಅಂಗಡಿಯ ತಕ್ಕಡಿ ತಂದರು. ಮಲಗುವ ಚೀಲ, ಮಳೆಕೋಟು, ಎರಡು ಜೊತೆ ಬಟ್ಟೆ, ಮೂರು ಜೊತೆ ಕಾಲುಚೀಲ, ವಿಂಡೊಲಾಂಡಾದವನಿಗಿಂತ ಒಂದು ಒಳಚಡ್ಡಿ ಹೆಚ್ಚು. ಸೂಜಿ, ಬಿಳಿ ದಾರ. ಮೇಲೊಂದು ಕೃಷ್ಣಾ ಹೊಳೆಯ ಬೆಣಚುಕಲ್ಲು. ಲೆಯೊನ್ ದಾಟಿದ ಮೇಲೆ 1,500 ಮೀಟರ್ ಎತ್ತರದಲ್ಲಿ ಕ್ರೂಸ್ ದೆ ಫೆರ್ರೊ ಎಂಬ ಕಡೆ, ಎತ್ತರದ ಮರದ ಕಂಬದ ಮೇಲಿನ ಕಬ್ಬಿಣದ ಶಿಲುಬೆಯ ಬುಡದಲ್ಲಿ, ಜನ ತಮ್ಮ ತಮ್ಮ ಊರಿನ ಕಲ್ಲು ಇಟ್ಟು ಮುಂದೆ ಹೋಗುತ್ತಾರೆ. ರಾಯಚೂರು ಸೀಮೆಯವರಿಗೆ ಕಲ್ಲಿನ ಬರವಿಲ್ಲ, ಅದಕ್ಕೇ ಆರಿಸಲು ಎರಡು ದಿನ ಹಿಡಿಯಿತು.

ಐದು ಕಿಲೋ ಒಂಬೈನೂರು. ಸರಿಯಾಯಿತು ಎನ್ನುವಷ್ಟರಲ್ಲಿ ಅವ್ವ ಒಳಗಿನಿಂದ ಡಬ್ಬಿ ತಂದಿಟ್ಟರು. ಶೇಂಗಾ ಹೋಳಿಗೆ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದು. ಯಾರಿಗೆಂದು ಯಾರೂ ಕೇಳಲಿಲ್ಲ. ಮುಳ್ಳು ಏಳು ಕಿಲೋಗೆ ಬಂತು. ಮಾಸ್ತರರು ಡಬ್ಬಿಯನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿ, ಹೋಳಿಗೆಯನ್ನು ಡಬ್ಬಿಯಿಂದ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಸ್ವೆಟರನ್ನು ತೆಗೆದು ಮಂಚದ ಮೇಲೆ ಹಾಕಿದರು. ಮತ್ತೆ ತೂಗಿದರು. ಆರು ಕಿಲೋ ನಾನೂರ ಐವತ್ತು.

"ಚಳಿ ಇರತೈತಿ ಅಂದಿದ್ರೆಲ್ಲಾ," ಎಂದರು ಹೆಂಡತಿ.

ಮಾಸ್ತರರು ಬಗ್ಗಿ ಗೈಡ್‌ಬುಕ್ಕನ್ನೂ ಹೊರಗೆಳೆದರು.